ತುಲನಾ ತಖ್ತೆ

ಮೂರು ಕೊಟೇಶನ್ ಬಂದಾವ.
ಫ್ಯಾನಿನ ಗಾಳಿಗೆ ಹಾರದಂಗ
ಒಂದೊಂದರ ಮ್ಯಾಲ ಒಂದೊಂದು ಶಹಾಬಾದ ಕಲ್ಲಿನ ಚೂರು ಇಟ್ಟೀನಿ.

ಹೈದರಾಬಾದಿನದು ದಪ್ಪ ಕಾಗದ, ಬಣ್ಣದ ಚಿತ್ರ:
ಗಾಲಿ ಖುರ್ಚಿಯಾಗ ಒಬ್ಬಾಂವ ನಗಲತ್ತಾನ,
ಹಿಂದ ಕೆಂಪು ಟೊಪ್ಪಿಗಿ ಇಟ್ಟ ಇಬ್ಬರು, ಅವರೂ ನಗಲತ್ತಾರ.
ಬೆಂಕಿ ಎಲ್ಲೂ ಕಾಣಂಗಿಲ್ಲ.
ಸೊಲ್ಲಾಪುರದ್ದು ಅರ್ಧ ದಿನ, ಅರ್ಧ ರೇಟು.
ಅರವತ್ತು ಕಿಲೋದ ಹತ್ತಿ ಗೊಂಬಿ ಅವರೇ ತರತಾರ,
ಊಟದೊಳಗ ಮುಗಸತಾರ,
ಎಲ್ಲಾರಿಗೂ ಪ್ರಮಾಣಪತ್ರ.

ಮೂರನೇದು ಗೆರಿ ಹಾಳಿ ಮ್ಯಾಲ, ಬಾಲ್ ಪೆನ್ನಿಲೆ ಬರದದ್ದು.
ಅಗ್ನಿಶಾಮಕದಾಗಿಂದ ನಿವೃತ್ತ ಆದ ಸಾಯಬಣ್ಣ, ಇದೇ ಕಲಬುರಗಿಯಾಂವ.
ರೇಟು ಬರದಿಲ್ಲ.
"ಮೊದಲ ಹೇಳ್ರಿ, ನಿಮ್ಮಲ್ಲಿ ಇಳೀಲಿಕ್ಕೆ ಆಗದವರು ಯಾರು?
ಅವರನ್ನ ಕೇಳೀರೇನು?"

ತಖ್ತೆಯೊಳಗ ರೇಟಿಗೆ ಕಾಲಮ್ಮು ಅದ,
ತಾಸಿಗೆ ಅದ, ಜಿಎಸ್‌ಟಿಗೆ ಅದ.
ಕೇಳೀರೇನು ಅನ್ನೂದಕ್ಕ ಎಲ್ಲೂ ಜಾಗಾ ಇರಲಿಲ್ಲ.

ಹೋದ ವರ್ಷದ ಡ್ರಿಲ್ ನೆನಪಾತು.
ಗಂಟಿ ಆತು, ಲಿಫ್ಟು ಎಲ್ಲರಿಗಿಂತ ಮೊದಲ ನಿಂತುಬಿಟ್ಟಿತು.
ನಾವೆಲ್ಲ ದಡದಡ ಇಳದು
ಬೇವಿನ ಗಿಡದ ನೆರಳಿಗೆ ಹೋಗಿ ನಿಂತ್ವಿ.
ಗಂಜಿನ ತೊಗರಿ ಧೂಳು ಮೂಗಿನಾಗ.
ಯಾರೋ ಚಾ ತರಿಸಿದರು.
ಎಣಿಸಿದಾಂವ ನಾನೇ: ನಲವತ್ತೊಂದು ತಲಿ.
ರಜಿಸ್ಟರಿನಾಗ ಬರದದ್ದು ನಲವತ್ತೆರಡು.
"ಜಗದೇವಿ ಮ್ಯಾಲ ಅದಾಳಲ್ಲ, ಬಂದಂಗೇ ಲೆಕ್ಕ" ಅಂದಿದ್ದೆ.
ಯಾರೂ ನಗಲಿಲ್ಲ.
ಯಾರೂ ತಿದ್ದಲೂ ಇಲ್ಲ.

ಇವತ್ತ ಮುಂಜಾನಿ ಮೂರೂ ಹಾಳಿ ಹಿಡಕೊಂಡು ಆಕಿ ಹಂತೇಕ ಹೋದೆ,
ಸಾಲ ವಸೂಲಿ ಸೆಕ್ಷನ್, ಮೂರನೇ ಮಾಳಿಗಿ.
ಬಣ್ಣದ ಚಿತ್ರ ನೋಡಿ ಬೋರಲು ಹಾಕಿ ಇಟ್ಟಳು.
"ಗೊಂಬಿ ಸುಮ್ಮ ಇರತದ್ರಿ ಸರ, ನಾ ಇರಂಗಿಲ್ಲ.
ಎಡ ಚಪ್ಪಿಯಾಗ ರಾಡ್ ಅದ, ಅಲ್ಲಿ ಕೈ ಹಚ್ಚಿದರ ಚೀರತೀನಿ.
ಬಗಲಾಗ ಕೈ ಹಾಕಿ ಕೂಸಿನಂಗ ಎತ್ತಬ್ಯಾಡ್ರಿ.
ಖುರ್ಚಿ ಹಿಂದಕ್ಕ ವಾಲಸ್ರಿ, ಮುಖ ತೆಳಗಿನ ಕಡೀಗೇ ಇರಲಿ,
ಎಲ್ಲಿಗೆ ಒಯ್ಯತೀರಿ ನನಗ ಕಾಣಬೇಕು.
ಸೆರಗು ನಾ ಹಿಡಕೋತೀನಿ,
ನೀವು ಖುರ್ಚಿ ಹಿಡೀರಿ."

ಆಮ್ಯಾಲ ಪೆನ್ನಿನ ಟೊಪ್ಪಿಗಿ ತಗದು, ಹಾಕಿ, ತಗದು:
"ಆವತ್ತ ನಾ ಮೆಟ್ಟಲ ತಿರುವಿನ ತನಕ ಇಳದಿದ್ದೆ,
ಕುಂತು, ಸರದು ಸರದು. ಹನ್ನೊಂದು ಮೆಟ್ಟಲು.
ಕಲ್ಲು ಭಾಳ ನುಣುಪ್ರಿ, ಆ ಬಿಸಲಾಗೂ ತಂಪಿತ್ತು.
ಅಲ್ಲಿ ಒಂದು ಕಿಡಕಿ ಅದಲ್ಲ,
ಅದರಾಗಿಂದ ಗಿಡ ಕಾಣತದ, ನೀವು ಚಾ ಕುಡಿಯೂದು ಕಾಣತದ.
ನಾನೂ ಎಣಿಸಿದೆ ಸರ.
ನಲವತ್ತೊಂದು."

ಫೈಲಿನಾಗ ಟಿಪ್ಪಣಿ ಇಟ್ಟೀನಿ:
ಅತಿ ಕಡಿಮೆ ದರದ್ದನ್ನು ಕೈಬಿಡಬಹುದು. ಕಾರಣ,
ಕಾರಣದ ಮುಂದ ಮೂರು ಸಲ ಬರದು ಮೂರು ಸಲ ಹೊಡದೆ.
ಕಡೀಗೆ: ಗೊಂಬೆಯು ಮಾತನಾಡುವುದಿಲ್ಲ.
ಮಧ್ಯಾಹ್ನದೊಳಗೇ ಸಾಹೇಬರ ಹಸಿರು ಶಾಯಿ ಬಂತು:
ಅರ್ಥವಾಗಲಿಲ್ಲ. ಚರ್ಚಿಸಿ.

ಚರ್ಚೆಗೆ ನಾಳೆ ಕರದಾರ.
ಸಾಯಬಣ್ಣಗ ಫೋನ್ ಹಚ್ಚಿ ರೇಟು ಕೇಳಿದೆ,
"ಮೆಟ್ಟಲು ಎಷ್ಟವ?" ಅಂದ.
ಹತ್ತೊಂಬತ್ತು ವರ್ಷ ಹತ್ತಿ ಇಳದೀನಿ, ನನಗ ಗೊತ್ತಿರಲಿಲ್ಲ.
ಜಗದೇವಿನ್ನ ಕೇಳಿದೆ.
"ಅರವತ್ತಾರು," ಅಂದಳು, ವಸೂಲಿ ಪಟ್ಟಿಗೆ ಟಿಕ್ ಹಾಕ್ಕೋತ.
"ಹನ್ನೊಂದು ನಂದು. ಉಳಿದದ್ದು
ದಿನಾ ಐದೂವರಿಗೆ ನಿಮ್ಮ ಚಪ್ಪಲಿ ಸಪ್ಪಳ ಕೇಳಿ ಎಣಿಸೀನಿ."

ಐದೂವರಿ ಆತು.
ನಾನೂ ಎಣಿಸಿಕೋತ ಇಳದೆ.
ಮೂವತ್ತೆರಡಕ್ಕ ಯಾರೋ ಮಾತಾಡಿಸಿದರು,
ಲೆಕ್ಕ ತಪ್ಪಿತು.